ಮೊದಲ ಆಪ್ಷನ್ 'ವೇಸ್ಟ್' ಆಗುವುದಿಲ್ಲ

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಸೀಟು ಖಾತ್ರಿಯಾಗುವ ದಿನದವರೆಗೆ ವಾರಗಟ್ಟಲೆ ಕಾಯಬೇಕು, ಕೆಲವು ವರ್ಷ ತಿಂಗಳು ದಾಟುವುದೂ ಉಂಟು. ಆ ಅವಧಿಯಲ್ಲಿ ತಂದೆತಾಯಿ ಕೇಳುವ ನೂರು ಪ್ರಶ್ನೆಗಳನ್ನು ಸೋಸಿದರೆ ಕೊನೆಗೆ ಉಳಿಯುವುದು ಒಂದೇ: "ಸಾರ್, ಸಿಗದೇ ಇರೋ ಕಾಲೇಜನ್ನ ಮೊದಲು ಹಾಕಿಬಿಟ್ರೆ ಸಿಗೋದೂ ಕೈತಪ್ಪುತ್ತಲ್ವಾ?"

ತಪ್ಪುವುದಿಲ್ಲ. ಈ ಉತ್ತರಕ್ಕೆ ತಲೆಯಾಡಿಸಿ, ಮನೆಗೆ ಹೋಗಿ, ಷಡ್ಡಕನ ಮಾತು ಕೇಳಿ, ಪಟ್ಟಿಯನ್ನು ತಲೆಕೆಳಗು ಮಾಡಿ ಸೇವ್ ಮಾಡುವವರು ಪ್ರತಿ ವರ್ಷ ಇರುತ್ತಾರೆ. ಆದ್ದರಿಂದ ದಾಖಲೆ ಪರಿಶೀಲನೆ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಇಂಥವನ್ನೆಲ್ಲ ನೀವು ಮುಗಿಸಿದ್ದೀರಿ ಎಂದುಕೊಂಡು, ಎಂಜಿನಿಯರಿಂಗ್ ಸೀಟಿನ ಆಪ್ಷನ್ ಪಟ್ಟಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಆನ್‌ಲೈನಿನಲ್ಲಿ ಒಂದರ ಕೆಳಗೊಂದು ಹಾಕುವ ಪಟ್ಟಿ, ಈ ಒಂದು ವಿಷಯವನ್ನೇ ಸಾವಕಾಶವಾಗಿ ಬಿಡಿಸುತ್ತೇನೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ಸೀಟು ಹಂಚುವುದು ರ‍್ಯಾಂಕಿನ ಸಾಲಿನಲ್ಲಿ. ಒಂದನೇ ರ‍್ಯಾಂಕಿನ ಹುಡುಗಿಯ ಪಟ್ಟಿ ಮೊದಲು ತೆರೆಯುತ್ತದೆ. ಅವಳ ಮೊದಲ ಆಪ್ಷನ್‌ನಲ್ಲಿ ಸೀಟು ಇದೆಯೇ? ಇದ್ದರೆ ಕೊಟ್ಟು ಮುಂದಿನವರಿಗೆ ಹೋಗುತ್ತದೆ. ಎರಡನೇ ರ‍್ಯಾಂಕ್, ಮೂರನೇ ರ‍್ಯಾಂಕ್, ಹೀಗೆ ಸಾಗಿ ನಿಮ್ಮ ಮಗನ ಸರದಿ ಬಂದಾಗ ಅವನಿಗಿಂತ ಮುಂದಿನ ರ‍್ಯಾಂಕಿನವರೆಲ್ಲ ತಮ್ಮದನ್ನು ತೆಗೆದುಕೊಂಡು ಆಗಿರುತ್ತದೆ. ಆಗ ಅವನ ಮೊದಲ ಆಪ್ಷನ್ ನೋಡುತ್ತದೆ. ಜನರಲ್ ಮೆರಿಟ್ (ಜಿಎಂ) ಅಂದರೆ ಎಲ್ಲರಿಗೂ ತೆರೆದ ಸೀಟಿನಲ್ಲಾಗಲಿ, ಅವನು ಅರ್ಹನಿರುವ ಮೀಸಲಾತಿಯಲ್ಲಾಗಲಿ ಸೀಟು ಉಳಿದಿಲ್ಲವೆಂದರೆ ಎರಡನೆಯದು, ಅದೂ ಇಲ್ಲವೆಂದರೆ ಮೂರನೆಯದು. ನಲವತ್ತನೆಯದರವರೆಗೂ ಬಂದೀತು. ಅವನ ಪಟ್ಟಿ ಪೂರ್ತಿ ನೋಡಿ ಮುಗಿಯುವವರೆಗೆ ಅವನ ಹಿಂದಿನ ರ‍್ಯಾಂಕಿನವರ ಪಟ್ಟಿಯನ್ನು ತೆರೆಯುವುದೇ ಇಲ್ಲ.

ಕೊನೆಯ ಈ ವಾಕ್ಯವನ್ನು ಇನ್ನೊಮ್ಮೆ ಓದಿ. ನಿಮ್ಮ ಮಗ ನಲವತ್ತನೆಯದಾಗಿ ಹಾಕಿದ ಕಾಲೇಜನ್ನು ಅವನ ಹಿಂದಿನ ರ‍್ಯಾಂಕಿನ ಹುಡುಗ ಮೊದಲನೆಯದಾಗಿ ಹಾಕಿದ್ದರೂ, ಇಬ್ಬರೂ ಒಂದೇ ಕೆಟಗರಿಯವರಾಗಿದ್ದರೆ ಮೊದಲು ಸಿಗುವುದು ನಿಮ್ಮ ಮಗನಿಗೆ. ಮೊದಲು ಹಾಕಿದ್ದಕ್ಕೆ ಆ ಹುಡುಗನಿಗೆ ಹೆಚ್ಚಿನ ಮಾರ್ಕಿಲ್ಲ, ತಡವಾಗಿ ಹಾಕಿದ್ದಕ್ಕೆ ನಿಮ್ಮವನಿಗೆ ದಂಡವೂ ಇಲ್ಲ.

ಮೇ ತಿಂಗಳಲ್ಲಿ ಮಗನ ಕೈಗೆ ಚೀಟಿ ಕೊಟ್ಟು ಮಾರುಕಟ್ಟೆಗೆ ಕಳಿಸುತ್ತೀರಿ: ಬಾದಾಮಿ ಮಾವು ಇದ್ದರೆ ತಾ, ಇಲ್ಲದಿದ್ದರೆ ರಸಪುರಿ, ಅದೂ ಇಲ್ಲದಿದ್ದರೆ ಬಾಳೆಹಣ್ಣು. ಬಾದಾಮಿ ಕೇಳಿದ ತಪ್ಪಿಗೆ ಅಂಗಡಿಯವನು ರಸಪುರಿ ಕೊಡುವುದಿಲ್ಲ ಎನ್ನುತ್ತಾನೆಯೇ? ಆದರೆ ಚೀಟಿಯಲ್ಲಿ ಬಾಳೆಹಣ್ಣನ್ನೇ ಮೊದಲು ಬರೆದಿದ್ದರೆ, ಬುಟ್ಟಿ ತುಂಬ ರಸಪುರಿ ಇದ್ದರೂ ಮನೆಗೆ ಬರುವುದು ಬಾಳೆಹಣ್ಣೇ.

ಅಂಕಿಗಳಲ್ಲಿ ನೋಡೋಣ. ಇವು ಉದಾಹರಣೆಗೆ ಹಾಕಿಕೊಂಡವು, ಯಾವ ಕಾಲೇಜಿನವೂ ಅಲ್ಲ. ಹುಡುಗನ ರ‍್ಯಾಂಕ್ 14,200. ಅವನಿಗೆ ಇಷ್ಟವಾದ ಕ್ರಮ: ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್, ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್, ಮೈಸೂರಿನ ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್, ಆಮೇಲೆ ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್. ಈ ವರ್ಷ ಇವು ಕ್ರಮವಾಗಿ 3,000, 9,500, 15,000 ಮತ್ತು 19,000ನೇ ರ‍್ಯಾಂಕಿಗೆ ಮುಗಿಯುತ್ತವೆ ಎನ್ನಿ. ಇದೇ ಕ್ರಮದಲ್ಲಿ ಹಾಕಿದರೆ ಮೊದಲೆರಡು ದಾಟಿ ಮೈಸೂರಿನ ಎಲೆಕ್ಟ್ರಾನಿಕ್ಸ್ ಸಿಗುತ್ತದೆ. 'ಸೇಫ್ ಆಗಿರಲಿ' ಎಂದು ಅಪ್ಪ ಹಾಸನವನ್ನು ತಲೆಯ ಮೇಲೆ ಕೂರಿಸಿದರೆ? ಹಾಸನವೇ ಸಿಗುತ್ತದೆ. ಸಿಕ್ಕ ಕೂಡಲೇ ಕಂಪ್ಯೂಟರು ಅವನ ಪಟ್ಟಿ ಮುಚ್ಚುತ್ತದೆ. ಮೈಸೂರಿನ ಸೀಟು ಅವನದಾಗಬೇಕಿತ್ತು, ನೂರಾರು ರ‍್ಯಾಂಕ್ ಹಿಂದಿದ್ದವರಿಗೆ ಹೋಯಿತು.

ನಷ್ಟ ಅಲ್ಲಿಗೂ ನಿಲ್ಲುವುದಿಲ್ಲ. ಸಿಕ್ಕಿದ ಸೀಟನ್ನು ಇಟ್ಟುಕೊಂಡು ಹಂಚಿಕೆಯ ಎರಡನೇ ರೌಂಡಿಗೆ ಹೋದರೆ ಲೆಕ್ಕಕ್ಕೆ ಬರುವುದು ಅದಕ್ಕಿಂತ ಮೇಲೆ ಬರೆದ ಆಪ್ಷನ್‌ಗಳು ಮಾತ್ರ, ಕೆಳಗಿನವು ಬಿದ್ದುಹೋಗುತ್ತವೆ. ಮೊದಲ ಆಪ್ಷನ್ನೇ ಸಿಕ್ಕವನಿಗೆ ಮೇಲೆ ಏನೂ ಇಲ್ಲ. 'ಸೇಫ್' ಮಾಡಿದ ಅಪ್ಪ ಆಮೇಲೆ ಬಂದು "ಸೆಕೆಂಡ್ ರೌಂಡಲ್ಲಿ ಮೈಸೂರು ನೋಡೋಣ" ಎನ್ನುತ್ತಾರೆ. ನೋಡಲು ಏನೂ ಉಳಿದಿರುವುದಿಲ್ಲ.

ಪಟ್ಟಿಯ ಕ್ರಮ ಆಸೆಯದ್ದಾಗಿರಲಿ, ಅಂದಾಜಿನದ್ದಲ್ಲ. ಎಚ್ಚರಿಕೆ ತೋರಿಸಬೇಕಾದ ಜಾಗ ಪಟ್ಟಿಯ ಬಾಲ. ಹತ್ತೇ ಆಪ್ಷನ್ ಹಾಕಿ, ಹತ್ತೂ ಬೆಂಗಳೂರಿನ ದೊಡ್ಡ ಹೆಸರುಗಳಾಗಿ, ಮೊದಲ ರೌಂಡಿನಲ್ಲಿ ಏನೂ ಸಿಗದೆ ಕಂಗಾಲಾಗುವ ಮನೆಗಳಿವೆ. ತಪ್ಪು ದೊಡ್ಡ ಹೆಸರು ಹಾಕಿದ್ದರಲ್ಲಿಲ್ಲ, ಅವುಗಳ ಕೆಳಗೆ ಏನೂ ಹಾಕದಿದ್ದರಲ್ಲಿದೆ. ಮೇಲೆ ಎಷ್ಟು ಬೇಕಾದರೂ ಆಸೆಪಡಿ. ನಡುವೆ ಹೋದ ವರ್ಷ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ಅಂದರೆ ಕಟ್‌ಆಫ್ ನಿಮ್ಮ ರ‍್ಯಾಂಕಿನ ಆಸುಪಾಸಿನಲ್ಲಿ ಇದ್ದವು ಬರಲಿ, ಕೊನೆಗೆ ನಿಮ್ಮ ರ‍್ಯಾಂಕಿಗಿಂತ ಬಹಳ ಹಿಂದಕ್ಕೆ ಹೋಗಿ ಮುಗಿದವು ಕೆಲವಾದರೂ ಇರಲಿ. ಸಿಕ್ಕರೆ ಸೇರುತ್ತೇವೆ ಎನ್ನುವುದನ್ನು ಮಾತ್ರ ಹಾಕಿ. ಸೇರಲಾರದ ಕಾಲೇಜನ್ನು 'ಇರಲಿ' ಎಂದು ತುಂಬಿಸಿದರೆ ಅದೇ ಸಿಕ್ಕು ತಲೆನೋವು ಶುರುವಾಗುತ್ತದೆ.

ಆಪ್ಷನ್ ಹಾಕುವಾಗ ಶುಲ್ಕದ ಕಾಲಂ ಓದಿ. ಒಂದೇ ಕಾಲೇಜಿಗೆ ಎರಡು ಕೋಡ್ ಇರಬಹುದು, ಅನುದಾನಿತ ಸೀಟಿಗೆ ಒಂದು, ಅನುದಾನರಹಿತಕ್ಕೆ ಇನ್ನೊಂದು. ಹೆಸರು, ಕಟ್ಟಡ, ಮೇಷ್ಟರು ಎಲ್ಲ ಒಂದೇ ಆದರೂ ಶುಲ್ಕದಲ್ಲಿ ಭಾರಿ ಅಂತರ. ಖಾಸಗಿ ವಿಶ್ವವಿದ್ಯಾಲಯಗಳ ಸರ್ಕಾರಿ ಕೋಟಾ ಸೀಟಿನ ಶುಲ್ಕವೂ ಬೇರೆ. ಕಾಲೇಜಿನ ಹೆಸರು ನೋಡಿ ಕ್ಲಿಕ್ ಮಾಡಿ, ಸೀಟು ಸಿಕ್ಕ ಮೇಲೆ ಶುಲ್ಕ ನೋಡಿ ಕೂತುಬಿಡುವವರು ಕಡಿಮೆಯೇನಿಲ್ಲ.

ಇನ್ನೊಂದು ಭಯವನ್ನು ಇಲ್ಲೇ ತೀರಿಸಿಬಿಡುತ್ತೇನೆ. 2ಎ, 3ಬಿ, ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಹಾಕಿಸಿಕೊಂಡರೆ ಜಿಎಂ ಸೀಟಿಗೆ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಮೆರಿಟ್ಟಿನಲ್ಲಿ ಬರುವುದಾದರೆ ಜಿಎಂ ಸೀಟು ನಿಮಗೂ ಇದ್ದೇ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಅನುಕೂಲವೂ ಹಾಗೆಯೇ, ಹೆಚ್ಚುವರಿ ದಾರಿ.

ಅಣಕು ಸೀಟು ಹಂಚಿಕೆ ಬಂದ ಸಂಜೆ ಕೆಲವು ಮನೆಯಲ್ಲಿ ಸಿಹಿ ಹಂಚುತ್ತಾರೆ, ಕೆಲವು ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಎರಡೂ ಅನವಶ್ಯಕ. ಅದು ಆ ಹೊತ್ತಿಗೆ ಯಾರು ಏನು ತುಂಬಿದ್ದರೋ ಅದರ ಮೇಲೆ ನಡೆದ ತಾಲೀಮು. ಫಲಿತಾಂಶ ನೋಡಿ ಸಾವಿರಾರು ಜನ ಪಟ್ಟಿ ಬದಲಿಸುತ್ತಾರೆ, ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ತುಂಬುತ್ತಾರೆ. ಹಾಗಾಗಿ ಅಸಲಿ ಹಂಚಿಕೆ ಆಚೀಚೆಯಾಗುತ್ತದೆ. ಅಣಕು ಹಂಚಿಕೆ ಉಪಯೋಗಕ್ಕೆ ಬರುವುದು ನಿಮ್ಮ ತಪ್ಪು ಹಿಡಿಯಲು: ಮೀಸಲಾತಿ ಕೋಡ್ ಸರಿಯಾಗಿ ದಾಖಲಾಗಿದೆಯೇ, ಕಾಲೇಜಿನ ಕೋಡ್ ಅದಲುಬದಲಾಗಿದೆಯೇ, ಏನೂ ಸಿಗದಿದ್ದರೆ ಪಟ್ಟಿ ಚಿಕ್ಕದಾಯಿತೇ ಎಂದು ತಿಳಿಯಲು. ಸಿಕ್ಕಿದ್ದನ್ನು ನೋಡಿ ಸಮಾಧಾನಪಟ್ಟು ಅದರ ಮೇಲಿನ ಆಪ್ಷನ್‌ಗಳನ್ನು ಅಳಿಸುವುದು ದಡ್ಡತನ. ಹೌದು, ಅಳಿಸುವವರಿದ್ದಾರೆ. "ಬಂದಿದೆಯಲ್ಲ, ಇದೇ ಗಟ್ಟಿ ಮಾಡೋಣ" ಎನ್ನುತ್ತಾರೆ.

ಕಟ್‌ಆಫ್ ಪಟ್ಟಿ ನೋಡುವಾಗ ನಿಮ್ಮ ಕೆಟಗರಿಯ ಕಾಲಂ ನೋಡಿ, ಯಾವ ರೌಂಡಿನದು ಎಂದೂ ನೋಡಿ. ಮೊದಲ ರೌಂಡಿನ ನಂತರ ಐಐಟಿ, ಎನ್‌ಐಟಿ ಸೀಟು ಸಿಕ್ಕವರು, ನೀಟ್ ಮೂಲಕ ವೈದ್ಯಕೀಯಕ್ಕೆ ಹೊರಡುವವರು ಇಲ್ಲಿನ ಸೀಟು ಬಿಡುತ್ತಾರೆ. ಆದ್ದರಿಂದ ಎರಡನೇ ರೌಂಡಿನಲ್ಲಿ ಕಟ್‌ಆಫ್ ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. 2024ರಿಂದ ತಾಂತ್ರಿಕ ಶಿಕ್ಷಣ ನಿಯಂತ್ರಿಸುವ ಎಐಸಿಟಿಇ ಕೋರ್ಸಿನ ಸೀಟುಗಳ ಮಿತಿ ಸಡಿಲಿಸಿದ ಮೇಲೆ ಹಲವು ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡಿವೆ. ಹಾಗಾಗಿ ನಾಲ್ಕೈದು ವರ್ಷ ಹಳೆಯ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪುತ್ತದೆ.

ಸೀಟು ಬಂದ ಮೇಲಿನ ನಾಲ್ಕು ಚಾಯ್ಸ್‌ಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಎಲ್ಲರಿಗೂ ಅರ್ಥವಾಗುತ್ತವೆ: ಒಂದು ಒಪ್ಪಿ ಸೇರುವುದು, ಇನ್ನೊಂದು ಪೂರ್ತಿ ಹೊರನಡೆಯುವುದು. ಗೊಂದಲವೆಲ್ಲ ಎರಡು ಮತ್ತು ಮೂರರದು. ಎರಡು ಎಂದರೆ ಈ ಸೀಟು ನನ್ನ ಹೆಸರಿನಲ್ಲೇ ಇರಲಿ, ಮೇಲಿನದು ಸಿಕ್ಕರೆ ಕೊಡಿ. ಮೂರು ಎಂದರೆ ಈ ಸೀಟು ಬೇಡ, ಮುಂದಿನ ರೌಂಡಿನಲ್ಲಿ ನೋಡುತ್ತೇನೆ. ಮೂರು ಒತ್ತಿದ ಗಳಿಗೆಯಿಂದ ಕೈಯಲ್ಲಿ ಏನೂ ಇಲ್ಲ. ಮುಂದೆ ಇದಕ್ಕಿಂತ ಕೆಳಗಿನದು ಸಿಗಬಹುದು, ಏನೂ ಸಿಗದೆಯೂ ಇರಬಹುದು. ಸೇರುವಂಥವನ್ನೇ ಪಟ್ಟಿಗೆ ಹಾಕಿದ ಮನೆಗೆ ಮೂರನೆಯದು ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ.

ಎರಡನೇ ಚಾಯ್ಸ್‌ನಲ್ಲೂ ಒಂದು ಮುಳ್ಳಿದೆ. ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ಎರಡನ್ನೂ ಮುಂದಿಟ್ಟುಕೊಂಡು ಆರಿಸುವ ಅವಕಾಶವಿಲ್ಲ. ಮೊದಲ ರೌಂಡ್ ಮುಗಿದ ಮೇಲೆ ಹುಡುಗಿ ಧಾರವಾಡ–ಹುಬ್ಬಳ್ಳಿಯಲ್ಲೇ ಓದುತ್ತೇನೆ ಎಂದು ಮನಸ್ಸು ಮಾಡಿರುತ್ತಾಳೆ, ಹಾಸ್ಟೆಲ್ಲೂ ನೋಡಿಯಾಗಿರುತ್ತದೆ. ಪಟ್ಟಿಯಲ್ಲಿ ಮೇಲೆ ಮರೆತುಹೋದ ಬೆಂಗಳೂರಿನ ಒಂದು ಕಾಲೇಜು ಕೂತಿರುತ್ತದೆ. ಎರಡನೇ ರೌಂಡಿನಲ್ಲಿ ಅದು ಸಿಕ್ಕಿ ಹುಬ್ಬಳ್ಳಿ ಹೋಗುತ್ತದೆ. ಆಮೇಲೆ ಅತ್ತರೆ ಪ್ರಾಧಿಕಾರದವರು ಏನೂ ಮಾಡಲಾರರು. ಆಪ್ಷನ್ ತಿದ್ದಲು ಅವಕಾಶ ಕೊಟ್ಟಾಗ ಈಗ ಬೇಡವಾದುದನ್ನು ತೆಗೆದುಹಾಕಿ. ತೆಗೆದ ನಂತರ ಮೇಲೆ ಏನೂ ಉಳಿಯದಿದ್ದರೆ, ಅಂದರೆ ಸಿಕ್ಕಿದ್ದೇ ಸಾಕೆನಿಸಿದರೆ, ಒಂದನೇ ಚಾಯ್ಸ್ ಒತ್ತಿ ಮುಗಿಸಿ. ಎರಡನೇ ಚಾಯ್ಸ್‌ಗೂ ಆಗಲೇ ಶುಲ್ಕ ಕಟ್ಟಬೇಕೇ, ಹೊಸ ಆಪ್ಷನ್ ಸೇರಿಸಬಹುದೇ, ಮೂರನೇ ರೌಂಡ್ ಇದೆಯೇ ಎಂಬ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇಲ್ಲಿ ಬರೆದದ್ದಕ್ಕೂ ಆ ವರ್ಷದ ಅಧಿಸೂಚನೆಗೂ ವ್ಯತ್ಯಾಸ ಕಂಡರೆ ಅಧಿಸೂಚನೆಯೇ ಸರಿ.

ಕಾಯುವ ಸಂಕಟದ ಮೇಲೆ ವ್ಯಾಪಾರ ಮಾಡುವವರೂ ಇದ್ದಾರೆ. "ನಾಳೆಗೆ ಸೀಟು ಇರಲ್ಲ, ಇವತ್ತೇ ಅಡ್ವಾನ್ಸ್ ಕಟ್ಟಿ" ಎಂಬ ಫೋನು ರ‍್ಯಾಂಕ್ ಬಂದ ವಾರದಲ್ಲೇ ಬರುತ್ತದೆ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವುದು ನಿಮ್ಮಿಷ್ಟ, ಶಕ್ತಿ ಇದ್ದವರು ತೆಗೆದುಕೊಳ್ಳಲಿ. ರಸೀದಿ ಇರುವ ಶುಲ್ಕವನ್ನು ನಿಗದಿತ ದಿನಾಂಕದೊಳಗೆ ಹಿಂಪಡೆಯಲು ಎಐಸಿಟಿಇ ನಿಯಮವಿದೆ, ಸಂಸ್ಕರಣಾ ಶುಲ್ಕವೆಂದು ಹಿಡಿಯಬಹುದಾದದ್ದು 1,000 ರೂಪಾಯಿಗೆ ಮೀರದ ಮೊತ್ತ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಆದರೆ ರಸೀದಿ ಇಲ್ಲದೆ, ಮಧ್ಯವರ್ತಿಯ ಕೈಗೆ, ಕಾರಿನಲ್ಲಿ ಕೂತು ಕೊಟ್ಟ ಹಣಕ್ಕೆ ಯಾವ ನಿಯಮವೂ ಇಲ್ಲ. ಖಾಸಗಿ ಕಾಲೇಜುಗಳ ಸೀಟಿಗೆ ನಡೆಯುವ ಕಾಮೆಡ್‌-ಕೆ ಪರೀಕ್ಷೆ ಬರೆದಿದ್ದರೆ ಅದರ ದಿನಾಂಕಗಳನ್ನು ಸಿಇಟಿ ದಿನಾಂಕಗಳ ಪಕ್ಕದಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡರಲ್ಲೂ ಹಣ ಕಟ್ಟಿ ಒಂದನ್ನು ಬಿಡಬೇಕಾಗಿ ಬಂದಾಗ ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಕಟ್ಟುವ ಮೊದಲೇ ಓದಿಕೊಳ್ಳಿ.

ಲಾಗಿನ್, ಪಾಸ್‌ವರ್ಡ್, ಒಟಿಪಿ ಬರುವ ಫೋನು ಮನೆಯವರ ಕೈಯಲ್ಲೇ ಇರಲಿ. 2024ರ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವ) ಪ್ರಕರಣದಲ್ಲಿ ಅಭ್ಯರ್ಥಿಗಳ ಲಾಗಿನ್ ವಿವರ ಬೇರೆಯವರ ಕೈಸೇರಿದ್ದೇ ತನಿಖೆಯ ಮುಖ್ಯ ವಿಷಯವಾಗಿತ್ತು. ಸೈಬರ್ ಸೆಂಟರಿನಲ್ಲಿ ಆಪ್ಷನ್ ಹಾಕಿದರೆ ಅಲ್ಲೇ ಲಾಗೌಟ್ ಮಾಡಿ, ಪ್ರಿಂಟ್ ತೆಗೆದುಕೊಂಡು, ಸಾಲು ಸಾಲಾಗಿ ಮಗುವಿನ ಜೊತೆ ಕೂತು ಓದಿ. ಮಗುವಿನ ಜೊತೆ ಎಂದೆ. ಪಟ್ಟಿಯನ್ನು ಅಪ್ಪ ಮತ್ತು ಸೋದರಮಾವ ತುಂಬಿ, ಓದಬೇಕಾದ ಹುಡುಗ ಹೊರಗೆ ಬೈಕಿನ ಮೇಲೆ ಕೂತಿರುವುದು ಈ ಕಾಲದಲ್ಲೂ ನಡೆಯುತ್ತಿದೆ.

ಆ ಹುಡುಗನಿಗೂ ಈ ವಾರಗಳು ಸುಲಭವಲ್ಲ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಬೂತಿನಲ್ಲಿ ಎಲ್ಲರೂ ಕೇಳುವುದು ರ‍್ಯಾಂಕನ್ನೇ. "ಇನ್ನೂ ಅಲಾಟ್‌ಮೆಂಟ್ ಆಗಿಲ್ಲ, ಆದಾಗ ಹೇಳ್ತೀವಿ" ಎಂಬ ಒಂದು ಉತ್ತರವನ್ನು ಮನೆಮಂದಿಯೆಲ್ಲ ಒಪ್ಪಿಕೊಂಡು ಅದನ್ನೇ ಹೇಳಿ. ವೆಬ್‌ಸೈಟನ್ನು ಗಂಟೆಗೊಮ್ಮೆ ತೆರೆಯುವ ಬದಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವ ಕೆಲಸ ಒಬ್ಬರಿಗೆ ವಹಿಸಿ. ವಾಟ್ಸಾಪಿನಲ್ಲಿ ಬಂದ 'ನಾಳೆ ಕೊನೆಯ ದಿನ' ಸುದ್ದಿಯನ್ನು ಪ್ರಾಧಿಕಾರದ ಪುಟದಲ್ಲಿ ಕಾಣುವವರೆಗೆ ನಂಬುವುದು ಬೇಡ. ಮಗು ದಿನಗಟ್ಟಲೆ ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ, ಬದುಕಿ ಏನು ಪ್ರಯೋಜನ ಎಂಬ ಥರದ ಮಾತಾಡಿದರೆ ಅದನ್ನು ನಾಟಕ ಎನ್ನದೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಹಣದ ದಿನ. ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ, ನಡುವೆ ಭಾನುವಾರವೂ ಬರುತ್ತದೆ. ಯುಪಿಐಗೆ ಸಾಮಾನ್ಯ ಮಿತಿ ದಿನಕ್ಕೆ 1 ಲಕ್ಷ. ಶಿಕ್ಷಣ ಸಂಸ್ಥೆಗಳಿಗೆ ಕಟ್ಟುವಾಗ 5 ಲಕ್ಷದವರೆಗೆ ಅವಕಾಶವಿದ್ದರೂ ನಿಮ್ಮ ಬ್ಯಾಂಕು ಅದನ್ನು ಬಿಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಎಫ್‌ಡಿ ಮುರಿಸುವುದು, ಸಹಕಾರ ಸಂಘದಿಂದ ಸಾಲ ತರುವುದು ಇದ್ದರೆ ಹಂಚಿಕೆಗೆ ಮುಂಚೆಯೇ ಮಾತಾಡಿಟ್ಟಿರಿ. ಶುಲ್ಕ ಕಟ್ಟಿದ ಮೇಲೆ ಪ್ರವೇಶ ಪತ್ರ (ಅಡ್ಮಿಷನ್ ಆರ್ಡರ್) ಇಳಿಸಿಕೊಂಡು ಹೇಳಿದ ದಿನಾಂಕದೊಳಗೆ ಕಾಲೇಜಿಗೆ ಹೋಗಬೇಕು. ದುಡ್ಡು ಕಟ್ಟಿದ್ದೇವಲ್ಲ, ಆಷಾಢ ಕಳೆದು ಹೋದರಾಯಿತು ಎಂದು ಕೂತವರ ಸೀಟು ರದ್ದಾಗಬಹುದು. ಹೋದ ದಿನವೇ ಕಾಲೇಜಿನ ಕಚೇರಿಯವರು ನಿಮ್ಮ ಹಾಜರಿಯನ್ನು ಆನ್‌ಲೈನಿನಲ್ಲಿ ನಮೂದಿಸಿದರೇ ಎಂದು ಕೇಳಿ, ಪರದೆಯ ಮೇಲೆ ನೋಡಿಯೇ ಹೊರಡಿ.