ಪ್ಯಾಕ್ಸ್-6: ಕಣ್ಣಿನ ಹೆಸರಲ್ಲಿ ಮರೆಯಾದ ಮೆದುಳಿನ ಕಥೆ

1991ರಲ್ಲಿ ಜರ್ಮನಿಯ ಗೋಟಿಂಗನ್‌ನ ಕ್ಲೌಡಿಯಾ ವಾಲ್ಥರ್ ಮತ್ತು ಪೀಟರ್ ಗ್ರುಸ್ ಇಲಿಯ ಒಂದು ಹೊಸ ಜೀನ್ ಬಗ್ಗೆ ಬರೆದರು. ಅದೇ ಪ್ಯಾಕ್ಸ್-6. ಭ್ರೂಣದಲ್ಲಿ ಅದು ಎಲ್ಲೆಲ್ಲಿ ಚುರುಕಾಗಿದೆ ಎಂದು ಅವರು ಹುಡುಕಿದ್ದರು. ಮುಂಮೆದುಳು, ಹಿಂಮೆದುಳು, ಬೆನ್ನುಹುರಿ, ಮೂಗು, ಕಣ್ಣು, ಎಲ್ಲ ಕಡೆ ಸಿಕ್ಕಿತು. ಲೇಖನದ ಶೀರ್ಷಿಕೆಯಲ್ಲಿ ಇದ್ದದ್ದು ಬೆಳೆಯುತ್ತಿರುವ ಕೇಂದ್ರ ನರಮಂಡಲದ ಮಾತು. ಕಣ್ಣಿನ ಹೆಸರೇ ಇರಲಿಲ್ಲ.

ಆದರೆ ಇವತ್ತು ಈ ಜೀನ್ ಗೊತ್ತಿರುವವರಿಗೆಲ್ಲ ಅದು 'ಕಣ್ಣಿನ ಜೀನ್'. ಇದು ಅರ್ಧ ಕಥೆ. ಉಳಿದರ್ಧ ಮರೆತದ್ದರಿಂದ ಕೆಲವು ಮಕ್ಕಳಿಗೆ ನಷ್ಟವೂ ಆಗುತ್ತದೆ. ಅದಕ್ಕೇ ಇದನ್ನು ಮೊದಲಿಂದ ಹೇಳಬೇಕು ಅನ್ನಿಸಿತು.

ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್ಎ. ಆದರೂ ಒಂದು ನರಕೋಶವಾಗುತ್ತದೆ, ಇನ್ನೊಂದು ಚರ್ಮವಾಗುತ್ತದೆ. ಯಾವ ಕೋಶದಲ್ಲಿ ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲಿ ಈ ವ್ಯತ್ಯಾಸ ಇದೆ. ಡಿಎನ್ಎಗೆ ಅಂಟಿಕೊಂಡು ಈ ಕೆಲಸ ಮಾಡುವ ಪ್ರೊಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಪ್ಯಾಕ್ಸ್-6 ಜೀನ್ ತಯಾರಿಸುವುದು ಅಂಥದ್ದೊಂದು ಪ್ರೊಟೀನ್. ಡಿಎನ್ಎ ಹಿಡಿಯಲು ಅದಕ್ಕೆ ಎರಡು ಬೇರೆ ಬೇರೆ ಭಾಗಗಳಿವೆ. ಹಾಗಾಗಿ ಒಂದೇ ಪ್ರೊಟೀನ್ ಹಲವು ಕಡೆ ಹಲವು ಜೀನ್‌ಗಳನ್ನು ನಿಯಂತ್ರಿಸಬಲ್ಲದು.

ಕಣ್ಣಿನ ಹೆಸರು ಬಂದದ್ದಕ್ಕೂ ಕಾರಣ ಇದೆ. 1915ರಲ್ಲಿ ಮಿಲ್ಡ್ರೆಡ್ ಹೋಗ್ ಎಂಬ ವಿಜ್ಞಾನಿ ಕಣ್ಣು ಚಿಕ್ಕದಾದ, ಕೆಲವೊಮ್ಮೆ ಕಣ್ಣೇ ಇಲ್ಲದ ಹಣ್ಣುನೊಣಗಳನ್ನು ವರ್ಣಿಸಿದ್ದರು. ಆ ಜೀನ್‌ಗೆ 'ಐಲೆಸ್' ಎಂಬ ಹೆಸರಾಯಿತು. ಇಲಿಗಳಲ್ಲಿ ಕಣ್ಣು ಚಿಕ್ಕದಾದ 'ಸ್ಮಾಲ್ ಐ' ಎಂಬ ತಳಿ ಇತ್ತು. ಮನುಷ್ಯರಲ್ಲಿ ಅನಿರಿಡಿಯಾ ಇತ್ತು, ಅಂದರೆ ಕಣ್ಣಿನ ಬಣ್ಣದ ಭಾಗವಾದ ಐರಿಸ್ ಹುಟ್ಟಿನಿಂದಲೇ ಇಲ್ಲದಿರುವುದು ಅಥವಾ ಅರೆಬರೆ ಇರುವುದು. ಇಲಿಯ ಮತ್ತು ಮನುಷ್ಯರ ತೊಂದರೆಯ ಬೇರು ಪ್ಯಾಕ್ಸ್-6 ಎಂದು 1991ರಿಂದ ಸ್ಪಷ್ಟವಾಗುತ್ತಾ ಬಂತು. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆರಿಂಗ್ ತಂಡ ನೊಣದ ಐಲೆಸ್ ಕೂಡ ಅದೇ ವಂಶದ ಜೀನ್ ಎಂದು ತೋರಿಸಿತು. ಮರುವರ್ಷ ಅದೇ ತಂಡ ಐಲೆಸ್ ಜೀನನ್ನು ಬೇಡದ ಜಾಗಗಳಲ್ಲಿ ಚಾಲೂ ಮಾಡಿತು. ನೊಣದ ಕಾಲು, ರೆಕ್ಕೆ, ಮೀಸೆಗಳ ಮೇಲೆ ಕಣ್ಣು ಮೂಡಿತು! ಇಲಿಯ ಜೀನ್ ಹಾಕಿದರೂ ಅಷ್ಟೇ. ಮೂಡಿದ್ದು ಮಾತ್ರ ನೊಣದ ಕಣ್ಣೇ.

ಇಂಥ ಪ್ರಯೋಗದ ಮುಂದೆ ಉಳಿದದ್ದೆಲ್ಲ ಮಂಕಾಗುವುದು ಸಹಜ ಅಲ್ವಾ? ಆದರೆ ಅದೇ 1995ರಲ್ಲಿ ಇನ್ನೊಂದು ವಿಷಯವೂ ಹೊರಬಂತು. ಸಿ. ಎಲಿಗನ್ಸ್ ಎಂಬ ಸಣ್ಣ ದುಂಡುಹುಳುವಿಗೆ ಕಣ್ಣೇ ಇಲ್ಲ. ಆದರೂ ಅದಕ್ಕೆ ಪ್ಯಾಕ್ಸ್-6 ವಂಶದ ಜೀನ್ ಇದೆ. ಅದು ಕೆಟ್ಟರೆ ಹುಳುವಿನ ತಲೆಯ ಭಾಗ ಸರಿಯಾಗಿ ರೂಪುಗೊಳ್ಳುವುದಿಲ್ಲ. ನನ್ನ ಮಟ್ಟಿಗೆ ನೊಣದ ಕಾಲಿನ ಕಣ್ಣಿಗಿಂತ ಇದೇ ದೊಡ್ಡ ಸುಳಿವು. ಕಣ್ಣೊಳಗೆ ಬೆಳಕನ್ನು ಗ್ರಹಿಸುವ ಪರದೆಯಾದ ನಮ್ಮ ರೆಟಿನಾ ಕೂಡ ಭ್ರೂಣದ ಮೆದುಳಿನಿಂದಲೇ ಹೊರಚಾಚಿ ಬೆಳೆದ ಭಾಗ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಮೆದುಳಿನಲ್ಲಿ ಅದರ ಕೆಲಸ ಏನು? ಭ್ರೂಣದ ಮೆದುಳಿನ ಗೋಡೆಯಲ್ಲಿ ಒಳಗಿನಿಂದ ಹೊರಗಿನವರೆಗೆ ಉದ್ದಕ್ಕೆ ಚಾಚಿದ ಕೋಶಗಳಿರುತ್ತವೆ. ಅವು ರೇಡಿಯಲ್ ಗ್ಲಿಯಾ. ಹೊಸ ನರಕೋಶಗಳು ಹತ್ತಿಹೋಗಲು ಅವು ಏಣಿಯಂತೆ ಇವೆ, ಅಷ್ಟೇ ಎಂದು ಬಹಳ ಕಾಲ ನಂಬಲಾಗಿತ್ತು. 1998ರಲ್ಲಿ ಮಗ್ದಲೇನಾ ಗೋಟ್ಸ್ ಮತ್ತು ಜೊತೆಗಾರರು ಪ್ಯಾಕ್ಸ್-6 ಇಲ್ಲದ ಇಲಿಗಳಲ್ಲಿ ಈ ಕೋಶಗಳೇ ಎಡವಟ್ಟಾಗಿರುವುದನ್ನು ಕಂಡರು.  ಆಮೇಲಿನ ಕೆಲವೇ ವರ್ಷಗಳಲ್ಲಿ ರೇಡಿಯಲ್ ಗ್ಲಿಯಾ ನರಕೋಶಗಳಿಗೆ ಜನ್ಮವನ್ನೂ ಕೊಡುತ್ತವೆ ಎಂದು ಖಚಿತವಾಯಿತು. 2002ರಲ್ಲಿ ಗೋಟ್ಸ್ ತಂಡ ಇನ್ನೂ ಮುಂದೆ ಹೋಯಿತು. ಹುಟ್ಟಿದ ಇಲಿಮರಿಗಳ ಮೆದುಳಿನಿಂದ ತೆಗೆದ ಆಸ್ಟ್ರೋಸೈಟ್ ಕೋಶಗಳಿಗೆ (ಇವು ನರಕೋಶಗಳಲ್ಲ, ಅವುಗಳಿಗೆ ಆಸರೆಯಾಗುವ ಕೋಶಗಳು) ಪ್ಯಾಕ್ಸ್-6 ಸೇರಿಸಿದಾಗ, ಅವುಗಳಲ್ಲಿ ಅನೇಕವು ಲ್ಯಾಬಿನ ತಟ್ಟೆಯಲ್ಲೇ ನರಕೋಶಗಳಾದವು.

ಬೆನ್ನುಹುರಿಯ ಕಥೆಯೂ ಸೊಗಸಾಗಿದೆ. ಭ್ರೂಣದಲ್ಲಿ ಅದರ ಹೊಟ್ಟೆಯ ಕಡೆಯ ಬದಿಯಿಂದ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೊಟೀನ್ ಹರಡುತ್ತದೆ. ಆ ಬದಿಯಲ್ಲಿ ಜಾಸ್ತಿ, ಬೆನ್ನಿನ ಕಡೆ ಹೋದಂತೆ ಕಮ್ಮಿ. ಅದರ ಪ್ರಮಾಣಕ್ಕೆ ತಕ್ಕಂತೆ ಪ್ಯಾಕ್ಸ್-6 ಎಲ್ಲಿ ಎಷ್ಟಿರಬೇಕು ಎಂದು ನಿಗದಿಯಾಗುತ್ತದೆ. ಪ್ಯಾಕ್ಸ್-6 ಇಲ್ಲದಿದ್ದರೆ ಬೇರೆ ಬೇರೆ ಬಗೆಯ ಕೋಶಗಳ ನಡುವಿನ ಗಡಿಗಳು ಜರುಗುತ್ತವೆ, ಸ್ನಾಯುಗಳನ್ನು ಆಡಿಸಬೇಕಾದ ಕೆಲವು ನರಕೋಶಗಳ ಜಾಗದಲ್ಲಿ ಬೇರೆ ಬಗೆಯವು ಹುಟ್ಟುತ್ತವೆ. 1997ರಲ್ಲಿ ಥಾಮಸ್ ಜೆಸ್ಸೆಲ್ ತಂಡ ಇದನ್ನು ವಿವರಿಸಿತು.

ಈ ಜೀನ್‌ನ ವಿಷಯದಲ್ಲಿ ಪ್ರಮಾಣ ಬಹಳ ಮುಖ್ಯ. ನಮ್ಮಲ್ಲಿ ಅದರ ಎರಡು ಪ್ರತಿಗಳಿವೆ, 11ನೇ ಕ್ರೋಮೋಸೋಮ್ ಜೋಡಿಯಲ್ಲಿ. ಒಂದು ಕೆಟ್ಟರೆ ಸಾಕು, ಅನಿರಿಡಿಯಾ ಬರುತ್ತದೆ. ಎರಡೂ ಕೆಟ್ಟ ಇಲಿಮರಿಗಳಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಹುಟ್ಟಿದ ಕೂಡಲೇ ಸಾಯುತ್ತವೆ. 1994ರಲ್ಲಿ ಎರಡೂ ಪ್ರತಿ ಕೆಟ್ಟಿದ್ದ ಒಂದು ಶಿಶುವಿನ ವರದಿ ಬಂತು. ಆ ಮಗುವಿಗೆ ಕಣ್ಣುಗಳಿರಲಿಲ್ಲ, ಮೆದುಳಿನ ರಚನೆಯೂ ತೀವ್ರವಾಗಿ ಏರುಪೇರಾಗಿತ್ತು. ಇನ್ನು ಜಾಸ್ತಿ ಇದ್ದರೆ ಒಳ್ಳೆಯದಾ ಅಂದರೆ ಅದೂ ಇಲ್ಲ. ಹೆಚ್ಚುವರಿ ಪ್ರತಿಗಳನ್ನು ಸೇರಿಸಿದ ಇಲಿಗಳ ಕಣ್ಣೂ ಕೆಟ್ಟಿತು.

ಒಂದೇ ಪ್ರತಿ ಕೆಟ್ಟವರ ಮೆದುಳನ್ನು ಯಾರಾದರೂ ನೋಡಿದ್ದರೇ? 2001ರಲ್ಲಿ ಲಂಡನ್ನಿನ ಸಂಶೋಧಕರು ಅನಿರಿಡಿಯಾ ಇರುವವರ ಎಂಆರ್‌ಐ ಮಾಡಿದರು. ಹಲವರಲ್ಲಿ ಮೆದುಳಿನ ಎರಡು ಬದಿಗಳನ್ನು ಜೋಡಿಸುವ ನರತಂತುಗಳ ಒಂದು ಕಟ್ಟು ಇರಲೇ ಇಲ್ಲ ಅಥವಾ ತೀರಾ ಚಿಕ್ಕದಾಗಿತ್ತು. ವಾಸನೆ ಗುರುತಿಸುವ ಶಕ್ತಿಯೂ ಕಮ್ಮಿ ಇತ್ತು. ಆಮೇಲೆ ಇಂಥ ಒಂದು ಪ್ರತಿ ಕೆಟ್ಟ ಮಕ್ಕಳ ಕಿವಿಯ ಪರೀಕ್ಷೆ ನಡೆಯಿತು. ಮಾಮೂಲಿ ಪರೀಕ್ಷೆಯಲ್ಲಿ ಕಿವಿ ಸರಿಯಾಗಿಯೇ ಕೇಳುತ್ತಿತ್ತು. ಆದರೆ ಗದ್ದಲದ ನಡುವೆ ಮಾತು ಅರ್ಥಮಾಡಿಕೊಳ್ಳುವುದು, ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದು ಅವರಿಗೆ ಕಷ್ಟವಾಗಿತ್ತು.

ದೃಷ್ಟಿ ಮಂದವಾದ ಮಗು ಕಿವಿಯನ್ನೇ ಹೆಚ್ಚು ನಂಬಿ ಕಲಿಯುತ್ತದೆ. ಅಂಥ ಮಗು ಕಣ್ಣಿನ ಡಾಕ್ಟರ ಬಳಿಗಷ್ಟೇ ಹೋಗಿ ಬಂದರೆ ಈ ತೊಂದರೆ ಯಾರ ಗಮನಕ್ಕೂ ಬರುವುದಿಲ್ಲ. ಮಾಮೂಲಿ ಶ್ರವಣ ಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ, ಬೇರೆಯಾಗಿ ಹುಡುಕಿದರೆ ಮಾತ್ರ ಸಿಗುತ್ತದೆ. ಪತ್ತೆಯಾದರೆ ಮಗುವನ್ನು ತರಗತಿಯಲ್ಲಿ ಟೀಚರ್ ಹತ್ತಿರ ಕೂರಿಸುವುದು, ಸುತ್ತಲಿನ ಸದ್ದು ತಗ್ಗಿಸುವುದು ಮುಂತಾದ ಸರಳ ಏರ್ಪಾಡುಗಳನ್ನು ಆ ದಿನವೇ ಶುರುಮಾಡಬಹುದು.