ಎದಿರ್ನೆಯ ಯಹೂದಿ ಹುಡುಗಿ: ಒಂದು ತಾಮ್ರಚಿತ್ರದ ಹಿಂದಿನ ಗೋಜಲು

16ನೇ ಶತಮಾನದ ಯಹೂದಿ ಹೆಣ್ಣುಮಕ್ಕಳ ಉಡುಪಿನ ಮಾತು ಬಂದಾಗ ತೋರಿಸುವ ಚಿತ್ರಗಳಲ್ಲಿ 'ಎದಿರ್ನೆಯ ಯಹೂದಿ ಹುಡುಗಿ'ಯೂ ಒಂದು (ಎದಿರ್ನೆ ಈಗಿನ ತುರ್ಕಿಯ ಒಂದು ಊರು). ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ತಕರಾರು.

1492ರಲ್ಲಿ ಸ್ಪೇನ್ ಹೊರದಬ್ಬಿದ ಯಹೂದಿಗಳು ಎರಡು ತಲೆಮಾರಿನೊಳಗೆ ಆಟೊಮನ್ (ತುರ್ಕಿ) ಸಾಮ್ರಾಜ್ಯದ ಇಸ್ತಾಂಬುಲ್, ಸಲೋನಿಕಾ, ಎದಿರ್ನೆಗಳಲ್ಲಿ ನೆಲೆಯೂರಿದ್ದರು. 1551ರಲ್ಲಿ ಫ್ರೆಂಚ್ ರಾಯಭಾರಿಯ ಜತೆ ಆಟೊಮನ್ ನಾಡಿಗೆ ಹೋದ ನಿಕೊಲಾ ದ ನಿಕೊಲೇ ಎಂಬ ಫ್ರೆಂಚ್ ಪ್ರವಾಸಿ ಅಲ್ಲಿನವರ ಉಡುಪುಗಳ ಚಿತ್ರ ಬರೆದುಕೊಂಡ. ಅವು ತಾಮ್ರಫಲಕಗಳಲ್ಲಿ ಕೊರೆಯಲ್ಪಟ್ಟು, 1567-68ರಲ್ಲಿ ಲಿಯೋನ್‌ನಲ್ಲಿ ಪುಸ್ತಕವಾಗಿ ಹೊರಬಂದವು; ಈ ಹುಡುಗಿಯ ಚಿತ್ರವೂ ಅದರಲ್ಲೇ ಇದೆ. ಅರಮನೆಯ ತುರ್ಕಿ ಹೆಂಗಸರನ್ನು ನೋಡುವುದು ಸಾಧ್ಯವಿರಲಿಲ್ಲ. ಪರಿಚಯದ ನಪುಂಸಕ ಸೇವಕನೊಬ್ಬ ಪೇಟೆಯಿಂದ ಬಟ್ಟೆ ತರಿಸಿ, ಇಬ್ಬರು ವೇಶ್ಯೆಯರಿಗೆ ಉಡಿಸಿ ನಿಲ್ಲಿಸಿದ ಎಂದು ನಿಕೊಲೇಯೇ ಬರೆದಿದ್ದಾನೆ. ಆ ಮಾತು ತುರ್ಕಿ ಹೆಂಗಸರ ಚಿತ್ರಗಳದ್ದು, ನಿಜ. ಆದರೂ ಉಡುಪು ಒಬ್ಬರದು, ಮೈ ಇನ್ನೊಬ್ಬರದು ಎಂಬ ಅನುಮಾನ ಇಡೀ ಪುಸ್ತಕಕ್ಕೆ ಅಂಟಿಕೊಂಡಿತು.

ನಿಜವಾದ ತೊಡಕು ಶುರುವಾಗುವುದು ಮರುಮುದ್ರಣಗಳಲ್ಲಿ. ನ್ಯೂರೆಂಬರ್ಗ್ (1572), ಆಂಟ್‌ವರ್ಪ್ (1576) ಆವೃತ್ತಿಗಳಿಗೆ ಚಿತ್ರಗಳನ್ನು ಹೊಸದಾಗಿ ಕೊರೆಯಲಾಯಿತು. ಅಚ್ಚಾದ ಹಾಳೆಯನ್ನು ಎದುರಿಗಿಟ್ಟು ಕಂಡಂತೆಯೇ ಕೊರೆದರೆ ಮುದ್ರಣದಲ್ಲಿ ಎಡಬಲ ಅದಲುಬದಲಾಗುತ್ತದೆ. ಎಣ್ಣೆಕಾಗದದಲ್ಲಿ ನಕಲೆತ್ತಿ ಮಗುಚಿಟ್ಟು ಕೊರೆದರೆ ಮಾತ್ರ ದಿಕ್ಕು ಉಳಿಯುತ್ತದೆ. ಅಷ್ಟು ವ್ಯವಧಾನ ಎಲ್ಲರಿಗೂ ಇರಲಿಲ್ಲ. ಆಗ ನಿಲುವಂಗಿಯ ಯಾವ ಅಂಚು ಮೇಲೆ ಬರುತ್ತದೆ, ಯಾವ ಕೈ ಅದನ್ನು ಹಿಡಿದಿದೆ ಎಂಬುದೆಲ್ಲ ತಿರುಗಿಬೀಳುತ್ತದೆ. ಪತ್ತೆಗೆ ಅದೇ ಆವೃತ್ತಿಯ ಸೈನಿಕರನ್ನು ನೋಡಬೇಕು: ಬಲಗೈಯವರ ಕತ್ತಿ ಸಾಮಾನ್ಯವಾಗಿ ಎಡಸೊಂಟಕ್ಕಿರುತ್ತದೆ; ಕತ್ತಿಗಳು ಸಾಲಾಗಿ ಬಲಸೊಂಟಕ್ಕೆ ತೂಗುತ್ತಿದ್ದರೆ ಚಿತ್ರಗಳು ತಿರುವುಮುರುವಾಗಿವೆ ಎಂದು ಶಂಕಿಸಬಹುದು.

ಮರದ ಹಲಗೆಯಲ್ಲಿ ಗೆರೆ ಉಳಿಸಿ ಸುತ್ತಲಿನದನ್ನು ಕೆತ್ತಿ ತೆಗೆಯುವ ಮರದಚ್ಚಿನಲ್ಲಿ ಇನ್ನೊಂದು ನಷ್ಟ. ತಾಮ್ರದ ಮೇಲೆ ಉಳಿ ಎಳೆಯುವ ಕೂದಲೆಳೆಯ ಗೆರೆ ಮರದಲ್ಲಿ ಉಬ್ಬಿ ನಿಲ್ಲುವುದು ಕಷ್ಟ, ಮುರಿಯುತ್ತದೆ. ಹಾಗಾಗಿ ಗೆರೆ ದಪ್ಪವಾಗಿ, ತೆಳು ಒಳಅಂಗಿಯ ನೆರಿಗೆ ಕಂಬಳಿಯಂತೆ ಕಾಣತೊಡಗುತ್ತದೆ. ನಿಕೊಲೇಯಿಂದ ಧಾರಾಳವಾಗಿ ಎರವಲು ಪಡೆದ ಇಟಲಿಯ ಚಿತ್ರಕಾರ ವೆಚೆಲ್ಲಿಯೊನ ಉಡುಪಿನ ಪುಸ್ತಕ (ವೆನಿಸ್, 1590) ಇಂಥ ಮರದಚ್ಚಿನದೇ.

ಬಣ್ಣವನ್ನಂತೂ ಲೆಕ್ಕಕ್ಕೇ ಹಿಡಿಯಬಾರದು. ಯಹೂದಿ ಗಂಡಸರ ಮುಂಡಾಸು ಕೇಸರಿಮಿಶ್ರಿತ ಹಳದಿ ಎಂದು ನಿಕೊಲೇ ಬರೆದ. ಫಲಕ ಕೊಟ್ಟದ್ದು ಬರೀ ಕಪ್ಪು ಗೆರೆ. ಬಣ್ಣ ಬಿದ್ದದ್ದು ಆಮೇಲೆ, ಪ್ರತಿಯಿಂದ ಪ್ರತಿಗೆ ಬೇರೆ.

ಇನ್ನು ಭಂಗಿ. ಉಡುಪಿನ ಪುಸ್ತಕಗಳಲ್ಲಿ ಹೆಣ್ಣು ಮೇಲಂಗಿಯ ಅಂಚು ಎತ್ತಿ ಹಿಡಿದರೆ ನಾಚಿಕೆ, ಬಿನ್ನಾಣ ಎಂದು ವ್ಯಾಖ್ಯಾನಿಸುವವರಿದ್ದಾರೆ. ಎತ್ತದಿದ್ದರೆ ಒಳಪದರ, ಪಾದರಕ್ಷೆ ಕಾಣುವುದು ಹೇಗೆ? ಗ್ರೀಕ್, ತುರ್ಕಿ ಹೆಂಗಸರ ಚಿತ್ರಗಳಲ್ಲೂ ಅದೇ ಕೈ ಕಂಡರೆ ಅದು ಚಿತ್ರಕಾರನ ಏರ್ಪಾಡು, ಯಹೂದಿ ನಡವಳಿಕೆಯಲ್ಲ. ಹೆಚ್ಚು ಹೇಳುವುದು ತಲೆಯುಡುಪು: ಮದುವೆಯಾದವರು ಕೂದಲು ಮುಚ್ಚುವುದು ಯಹೂದಿ ಸಂಪ್ರದಾಯ. ಆದ್ದರಿಂದ ಹುಡುಗಿಯ ಚಿತ್ರವನ್ನು ಅದೇ ಊರಿನ ಯಹೂದಿ ಗೃಹಿಣಿಯ ಚಿತ್ರದ ಪಕ್ಕ ಇಟ್ಟು, ಲಿಯೋನ್ ಆವೃತ್ತಿಯಲ್ಲೇ ಹೋಲಿಸಬೇಕು.