ಸಿಂಗಲ್ ಸ್ಟೇಟಸ್ ಸರ್ಟಿಫಿಕೇಟ್: ವಿದೇಶದಲ್ಲಿ ಮದುವೆಯಾಗುವವರಿಗೆ ಬೇಕಾದ ಆ ಒಂದು ಕಾಗದ

ಓದಲೋ ಕೆಲಸಕ್ಕೋ ಹೊರದೇಶಕ್ಕೆ ಹೋದವರು ಅಲ್ಲೇ ಮದುವೆಯಾಗಲು ಹೊರಟರೆ, ನೋಂದಣಿ ಕಚೇರಿಯವರು ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರದ ಜೊತೆ ಇನ್ನೊಂದು ಕಾಗದ ಕೇಳುತ್ತಾರೆ. 'ನಮ್ಮ ದೇಶದ ಕಾನೂನಿನ ಪ್ರಕಾರ ಇವರ ಮದುವೆಗೆ ಯಾವ ಅಡ್ಡಿಯೂ ಇಲ್ಲ' ಎಂದು ಅವರವರ ದೇಶದವರೇ ಬರೆದುಕೊಡಬೇಕಾದ ಪತ್ರ ಅದು. ಬ್ರಿಟನ್ನಿನವರು ಇದನ್ನು 'ಸರ್ಟಿಫಿಕೇಟ್ ಆಫ್ ನೋ ಇಂಪೆಡಿಮೆಂಟ್' ಎನ್ನುತ್ತಾರೆ. ಇಟಲಿಯಲ್ಲಿ ಇದು 'ನುಲ್ಲಾ ಒಸ್ತಾ'. ಜರ್ಮನಿಯಲ್ಲಿ 'ಏಹೆಫೇಯಿಗ್‌ಕೈಟ್ಸ್‌ತ್ಸೊಯ್ಗ್ನಿಸ್' ಎಂಬ ಉದ್ದನೆಯ ಹೆಸರು. ನಮ್ಮವರ ಬಾಯಲ್ಲಿ ಮಾತ್ರ ಎಲ್ಲವೂ ಸಿಂಗಲ್ ಸ್ಟೇಟಸ್ ಸರ್ಟಿಫಿಕೇಟ್.

ಗೊಂದಲ ಶುರುವಾಗುವುದೇ ಇಲ್ಲಿ. ಸಿಂಗಲ್ ಎಂದರೆ ಸದ್ಯಕ್ಕೆ ಗಂಡನೋ ಹೆಂಡತಿಯೋ ಇಲ್ಲ ಎಂದಷ್ಟೇ ಅರ್ಥ. ಅಲ್ಲಿನ ಕಚೇರಿ ಕೇಳುವುದು ಅದಕ್ಕಿಂತ ಜಾಸ್ತಿ. ಮದುವೆ ವಯಸ್ಸು ಆಗಿದೆಯೇ? ಇಬ್ಬರೂ ತೀರಾ ಹತ್ತಿರದ ಸಂಬಂಧಿಗಳೇ? ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಆದೇಶ ಅಂತಿಮವಾಗಿದೆಯೇ? ಇವೆಲ್ಲಕ್ಕೂ ಉತ್ತರ ಬೇಕು.

ತಮ್ಮ ನೆಲದಲ್ಲಿ ನಡೆಯುವ ಮದುವೆಗೆ ಇನ್ನೊಂದು ದೇಶದ ಕಾನೂನು ಯಾಕೆ ಬೇಕು ಅಂತ ಅನಿಸಬಹುದು. ಯುರೋಪಿನ ಹಲವು ದೇಶಗಳಲ್ಲಿ ಒಬ್ಬ ವ್ಯಕ್ತಿ ಮದುವೆಗೆ ಅರ್ಹನೋ ಅಲ್ಲವೋ ಎಂಬುದನ್ನು ಆತ ಯಾವ ದೇಶದ ಪ್ರಜೆಯೋ ಆ ದೇಶದ ಕಾನೂನಿನಂತೆ ನೋಡುತ್ತಾರೆ. ಜರ್ಮನಿಯಲ್ಲಿ ಮದುವೆ ವಯಸ್ಸು ಇಬ್ಬರಿಗೂ 18. ನಮ್ಮಲ್ಲಿ ಹುಡುಗಿಗೆ 18, ಹುಡುಗನಿಗೆ 21. ಸಂಬಂಧದ ವಿಷಯ ಇನ್ನೂ ಸೂಕ್ಷ್ಮ. ಹಿಂದೂ ವಿವಾಹ ಕಾಯ್ದೆಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಗೆ ನಿಷೇಧವಿದೆ, ಆದರೆ ರೂಢಿ ಒಪ್ಪಿದರೆ ಮಾಡಿಕೊಳ್ಳಬಹುದು. ನಮ್ಮ ಕಡೆ ಆ ರೂಢಿ ಇದೆ. ಮ್ಯೂನಿಕ್‌ನ ನೋಂದಣಿ ಅಧಿಕಾರಿಗೆ ಇದೆಲ್ಲ ಗೊತ್ತಿರಬೇಕು ಎನ್ನುವುದು ಹೇಗೆ? ಹಾಗಾಗಿ 'ನಿಮ್ಮ ದೇಶದವರಿಂದಲೇ ಬರೆಸಿಕೊಂಡು ಬನ್ನಿ' ಎನ್ನುತ್ತಾರೆ. ಜರ್ಮನ್ ನಾಗರಿಕ ಸಂಹಿತೆಯ 1309ನೇ ಕಲಂ, ಇಟಲಿಯ ನಾಗರಿಕ ಸಂಹಿತೆಯ 116ನೇ ಕಲಂ, ಫಿಲಿಪ್ಪೀನ್ಸ್‌ನ ಕುಟುಂಬ ಸಂಹಿತೆಯ 21ನೇ ಕಲಂ, ಮೂರೂ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಬ್ರಿಟಿಷರಿಗೆ ಈ ಪತ್ರ ಪಡೆಯಲು ಕಷ್ಟವಿಲ್ಲ. ತಮ್ಮೂರಿನ ರಿಜಿಸ್ಟರ್ ಆಫೀಸಿಗೆ ನೋಟಿಸ್ ಕೊಡುತ್ತಾರೆ, ಅದು 28 ದಿನ ಅಲ್ಲಿ ಇರುತ್ತದೆ, ಯಾರ ತಕರಾರೂ ಬರದಿದ್ದರೆ ಪತ್ರ ಸಿಗುತ್ತದೆ. ಅಮೆರಿಕದಲ್ಲಿ ಮದುವೆ ಆಯಾ ರಾಜ್ಯಗಳ ವಿಷಯ, ಇಡೀ ದೇಶಕ್ಕೆ ಅನ್ವಯಿಸುವ ಇಂಥ ಪತ್ರವೇ ಇಲ್ಲ. ಹಾಗಾಗಿ ಇಟಲಿಯಲ್ಲಿ ಮದುವೆಯಾಗುವ ಅಮೆರಿಕನ್ನರು ಪ್ರಮಾಣ ಮಾಡಿ ಹೇಳಿಕೆ ಕೊಡುತ್ತಾರೆ, ಅದರ ಜೊತೆಗೆ 'ಅತ್ತೊ ನೊತೋರಿಯೊ' ಎಂಬ ಸಾಕ್ಷಿಗಳ ಹೇಳಿಕೆಯನ್ನೂ ಒದಗಿಸುತ್ತಾರೆ.

ಭಾರತದ ಪರಿಸ್ಥಿತಿಯೂ ಇದಕ್ಕೆ ಹತ್ತಿರ. ಎಲ್ಲರ ಮದುವೆಯೂ ದಾಖಲಾಗಿರುವ ಒಂದೇ ಪುಸ್ತಕ ನಮ್ಮಲ್ಲಿಲ್ಲ. ಕರ್ನಾಟಕ 1976ರಲ್ಲೇ ವಿವಾಹ ನೋಂದಣಿಗೆ ಕಾಯ್ದೆ ಮಾಡಿತು. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೂ ಛತ್ರದಲ್ಲಿ ತಾಳಿ ಕಟ್ಟಿ, ಊಟ ಹಾಕಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಕಡೆ ತಲೆಹಾಕದ ಕುಟುಂಬಗಳು ಬೇಕಾದಷ್ಟಿವೆ. ಹೀಗಿರುವಾಗ 'ಇವರಿಗೆ ಮದುವೆಯಾಗಿಲ್ಲ' ಎಂದು ದಾಖಲೆ ನೋಡಿ ಹೇಳುವುದು ಯಾವ ಕಚೇರಿಗೂ ಆಗದ ಮಾತು. ಅದಕ್ಕೇ ಅಫಿಡವಿಟ್ ದಾರಿ: ಛಾಪಾ ಕಾಗದದ ಮೇಲೆ ನೀವೋ ನಿಮ್ಮ ಅಪ್ಪ ಅಮ್ಮನೋ 'ಮದುವೆಯಾಗಿಲ್ಲ' ಎಂದು ಪ್ರಮಾಣ ಮಾಡಿ, ನೋಟರಿ ಮುಂದೆ ಸಹಿ ಹಾಕಬೇಕು. ನಮ್ಮ ರಾಯಭಾರ ಕಚೇರಿಗಳು ಕೊಡುವ ಸರ್ಟಿಫಿಕೇಟ್‌ಗೂ ಸಾಮಾನ್ಯವಾಗಿ ಇಂಥ ಅಫಿಡವಿಟ್ಟೇ ಆಧಾರ.

ಜರ್ಮನಿಯಲ್ಲಿ ಇದು ಸಾಲದು. ಸಿಂಗಲ್ ಎಂಬ ಅಫಿಡವಿಟ್ ಬೇಕು, ಆದರೆ ಅದು ಅವರು ಕೇಳುವ ಅರ್ಹತಾ ಪತ್ರಕ್ಕೆ ಸಮವಲ್ಲ. ಅಂಥ ಪತ್ರವನ್ನು ಕೊಡದ ದೇಶದವರಿಗೆ ಕಾನೂನೇ ಒಂದು ವಿನಾಯಿತಿ ಇಟ್ಟಿದೆ. ಪ್ರಾದೇಶಿಕ ಉಚ್ಚ ನ್ಯಾಯಾಲಯದ ಅಧ್ಯಕ್ಷರು ದಾಖಲೆಗಳನ್ನು ನೋಡಿ 'ಇವರಿಗೆ ಆ ಪತ್ರ ಬೇಡ' ಎಂದು ಆದೇಶ ಕೊಡುತ್ತಾರೆ. ಅರ್ಜಿ ಹೋಗುವುದು ಮದುವೆ ನೋಂದಾಯಿಸುವ ಕಚೇರಿಯ ಮೂಲಕವೇ. ಆ ಆದೇಶ ಆರು ತಿಂಗಳು ಮಾತ್ರ ಊರ್ಜಿತ, ಅಷ್ಟರೊಳಗೆ ಮದುವೆಯಾಗಬೇಕು. ಇದು ಗೊತ್ತಿಲ್ಲದೆ ರಾಯಭಾರ ಕಚೇರಿಯ ಸರ್ಟಿಫಿಕೇಟ್ ಒಂದನ್ನೇ ಹಿಡಿದು ಹೋದವರಿಗೆ ತಿಂಗಳುಗಟ್ಟಲೆ ತಡವಾಗುತ್ತದೆ. ಛತ್ರ ಬುಕ್ ಆಗಿ, ನೆಂಟರ ವೀಸಾ ಬಂದ ಮೇಲೆ ಈ ಸುದ್ದಿ ತಿಳಿದರೆ ಎಷ್ಟು ಸಂಕಟ ಅಲ್ವಾ.

ಇನ್ನೊಂದು ತೊಡಕು ಅಪೊಸ್ಟಿಲ್. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ನಂಬಲು ಹಾಕುವ ಮುದ್ರೆ ಇದು. 1961ರ ಹೇಗ್ ಒಪ್ಪಂದದಿಂದ ಬಂದದ್ದು. ಭಾರತಕ್ಕೆ ಇದು 2005ರಿಂದ ಅನ್ವಯ. ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು. ಹೀಗಾಗಿ ಇಟಲಿಯಲ್ಲಿ ನಡೆಯುವ ಮುದ್ರೆ ಜರ್ಮನಿಯಲ್ಲಿ ನಡೆಯುವುದಿಲ್ಲ, ಅಲ್ಲಿಗೆ ಬೇಕಾದ ದಾಖಲೆಗಳನ್ನು ಹುಟ್ಟಿದೂರಿನ ಮಟ್ಟದಲ್ಲೇ ಪರಿಶೀಲಿಸುವ ಪದ್ಧತಿ ಇದೆ.

ಪರಿಶೀಲನೆಯಲ್ಲಿ ನಮ್ಮವರು ಸಿಕ್ಕಿಬೀಳುವುದು ಹೆಸರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು ಮತ್ತು ಅಪ್ಪನ ಹೆಸರು, ಸರ್‌ನೇಮ್ ಜಾಗ ಖಾಲಿ. ಹಳೆಯ ಜನನ ಪ್ರಮಾಣಪತ್ರಗಳಲ್ಲಂತೂ ಮಗುವಿನ ಹೆಸರೇ ಇರುವುದಿಲ್ಲ, ನಾಮಕರಣಕ್ಕೆ ಮೊದಲೇ ಬರೆಸಿದ್ದು. ನಮಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಅಲ್ಲಿನ ಅಧಿಕಾರಿಗೆ ಇವರು ಮೂರು ಬೇರೆ ಬೇರೆ ಜನ. ಹೆಸರು ಸೇರಿಸಲು ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಆ ಕೆಲಸವನ್ನು ಮದುವೆ ಮಾತು ಶುರುವಾದ ಕೂಡಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಅಫಿಡವಿಟ್‌ನಲ್ಲಿ ಪಾಸ್‌ಪೋರ್ಟ್‌ನ ಹೆಸರನ್ನೇ, ಒಂದಕ್ಷರವೂ ಬದಲಾಗದಂತೆ ಬರೆಸಬೇಕು.

ಈ ರಗಳೆ ಬೇಡವೆಂದು ಜರ್ಮನಿಯಲ್ಲಿರುವ ಎಷ್ಟೋ ಜೋಡಿಗಳು ಡೆನ್ಮಾರ್ಕಿಗೆ ಹೋಗುತ್ತಾರೆ. ಗಡಿಯ ಪಕ್ಕದ ಟೊನ್ನರ್ ಪಟ್ಟಣ, ಐರೊ ದ್ವೀಪ ಇದಕ್ಕೆ ಹೆಸರುವಾಸಿ. 2019ರಿಂದ ಅಲ್ಲಿನ ಕುಟುಂಬ ಕಾನೂನು ಸಂಸ್ಥೆಯೇ ದಾಖಲೆಗಳನ್ನು ನೋಡಿ ಒಪ್ಪಿಗೆ ಪತ್ರ ಕೊಡುತ್ತದೆ. ಅದರ ಅವಧಿ ನಾಲ್ಕು ತಿಂಗಳು. ಸಂಬಂಧ ನಿಜವೋ, ಬರೀ ವೀಸಾಗಾಗಿಯೋ ಎಂಬುದನ್ನೂ ನೋಡುತ್ತಾರೆ. ಹಾಗಾಗಿ ಇದನ್ನು ಕಳ್ಳದಾರಿ ಎಂದುಕೊಳ್ಳಬೇಕಾಗಿಲ್ಲ.

ವಿಚ್ಛೇದನ ಪಡೆದವರು ಡಿಕ್ರಿಯ ಪ್ರತಿ ಮಾತ್ರವಲ್ಲ, ಅಪೀಲಿನ ಅವಧಿ ಮುಗಿದು ಅದು ಅಂತಿಮವಾಗಿದೆ ಎನ್ನುವುದಕ್ಕೂ ಪುರಾವೆ ಇಟ್ಟುಕೊಳ್ಳಬೇಕು. ವಿಧುರರು, ವಿಧವೆಯರು ಮರಣ ಪ್ರಮಾಣಪತ್ರ ತರಬೇಕು.

ವಿದೇಶಿಯರು ನಮ್ಮಲ್ಲಿ ಮದುವೆಯಾದರೂ ಇದೇ ಪ್ರಶ್ನೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು. ಜೊತೆಗೆ ವಿದೇಶಿ ವಧುವೋ ವರನೋ ತಮ್ಮ ರಾಯಭಾರ ಕಚೇರಿಯಿಂದ ಇಂಥದೇ ಒಂದು ಪತ್ರ ತರಬೇಕೆಂದು ಸಬ್ ರಿಜಿಸ್ಟ್ರಾರ್ ಸಾಮಾನ್ಯವಾಗಿ ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಬರುವವರು ಈ ದಿನಗಳನ್ನು ಲೆಕ್ಕ ಹಾಕಿಯೇ ಟಿಕೆಟ್ ಮಾಡಿಸುವುದು ಕ್ಷೇಮ.